ಶಿಬಿರದ ಬಾಗಿಲಲ್ಲಿ ಅಶ್ವತ್ಥಾಮ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ನಮ್ಮ ಕಡೆ ‘ರಕ್ತರಾತ್ರಿ’ಯ ಕಾಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಂದಗಲ್ಲ ಹನುಮಂತರಾಯರ ಆ ನಾಟಕಕ್ಕೆ ಒಮ್ಮೆಯಾದರೂ ಬಣ್ಣ ಹಚ್ಚಿದ ರೈತನನ್ನೋ ಮೇಷ್ಟ್ರನ್ನೋ ಕಿರಾಣಿ ಅಂಗಡಿಯವನನ್ನೋ ಹುಡುಕುವುದು ಕಷ್ಟವೇನಲ್ಲ. ಸೀನರಿ ಬಾಡಿಗೆಗೆ ಬರುತ್ತದೆ. ಪೇಟಿ ಮಾಸ್ತರು ರಾತ್ರಿ ರಾತ್ರಿ ತಾಲೀಮು ಕೊಡುತ್ತಾರೆ. ಸ್ತ್ರೀ ಪಾತ್ರಗಳಿಗೆ ಮರಿಯಮ್ಮನಹಳ್ಳಿಯಿಂದಲೋ ಬಳ್ಳಾರಿಯಿಂದಲೋ ಕಲಾವಿದೆಯರು ಬರುತ್ತಾರೆ. ಸುಭದ್ರಮ್ಮ ಮನ್ಸೂರ್ ಅವರ ದ್ರೌಪದಿಯನ್ನು ಕಣ್ಣಾರೆ ಕಂಡ ಹಿರಿಯರಂತೂ ಇವತ್ತಿನ ಯಾವ ದ್ರೌಪದಿಯನ್ನೂ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಕಥೆ ಗೊತ್ತಿಲ್ಲದವರು ಆ ಬಯಲಲ್ಲಿ ಒಬ್ಬರೂ ಇರುವುದಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನ ಅಶ್ವತ್ಥಾಮನಿಗೆ ಸೇನಾಪತಿ ಪಟ್ಟ ಕಟ್ಟುತ್ತಾನೆ; ಅವನು ನಡುರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನೂ ಮಲಗಿದ್ದ ಉಪಪಾಂಡವರನ್ನೂ ಕೊಲ್ಲುತ್ತಾನೆ. ನೋಡುವವರಿಗೂ ಇಲ್ಲಿ ಒಂದಿಷ್ಟು ಅಧಿಕಾರ ಇದೆ ಅನ್ನಿ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸಬಹುದು. ನೋಟು ಹಿಡಿದು ವೇದಿಕೆ ಹತ್ತಿ, ಮೈಕಿನಲ್ಲಿ ತನ್ನ ಹೆಸರು ಹೇಳಿಸಿಕೊಂಡು, ಅಶ್ವತ್ಥಾಮನ ಆವೇಶವನ್ನು ಐದು ನಿಮಿಷ ತಡೆದು ನಿಲ್ಲಿಸಬಹುದು. ಆ ಐದು ಹುಡುಗರನ್ನು ಮಾತ್ರ ಯಾರೂ ಉಳಿಸಲಾರರು.

ಈಗ ಖಡ್ಗವನ್ನು ನಿಮ್ಮ ಕೈಗೇ ಕೊಟ್ಟು, ‘ನೀನೇ ಅಶ್ವತ್ಥಾಮ, ಏನು ಮಾಡ್ತೀಯಪ್ಪ?’ ಎಂದು ಕೇಳಿದರೆ? ಕಥೆ ಹೇಳುವ ವಿಡಿಯೊ ಗೇಮ್‌ಗಳು ಮಾಡುವುದು ಇದನ್ನೇ.

ಗೇಮ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಎರಡು. ಒಂದು, ಮೊಬೈಲ್ ಅಡ್ಡ ಹಿಡಿದು ಗುಂಡು ಹಾರಿಸುವುದು. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದಾಗ ತಂದೆತಾಯಂದಿರು ನಿಟ್ಟುಸಿರು ಬಿಟ್ಟರು, ಮರುವರ್ಷ ಅದೇ ಆಟ ಬೇರೆ ಹೆಸರು ಹೊತ್ತು ವಾಪಸು ಬಂತು. ಇನ್ನೊಂದು, ರಮ್ಮಿ ಆಡಿ ದುಡ್ಡು ಕಳೆದುಕೊಳ್ಳುವುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಇವೆರಡರ ಗದ್ದಲದಲ್ಲಿ ಮೂರನೆಯ ಜಾತಿಯ ಗೇಮ್‌ಗಳು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಗೆಲುವು ಸೋಲಿಗಿಂತ ಹೆಚ್ಚಾಗಿ ಪಾತ್ರಗಳಿರುತ್ತವೆ, ಸಂಭಾಷಣೆ ಇರುತ್ತದೆ, ನಡುನಡುವೆ ಕಥೆ ನಿಂತು ನಿಮ್ಮ ಮುಖ ನೋಡುತ್ತದೆ. ನೀವು ಒಂದನ್ನು ಆರಿಸಿದ ಮೇಲೆ ಮುಂದಕ್ಕೆ ನಡೆಯುತ್ತದೆ.

ಈ ಗೇಮ್‌ಗಳ ಜಾಹೀರಾತಿನಲ್ಲಿ ‘ನಿಮ್ಮ ಆಯ್ಕೆಯಂತೆ ಕಥೆ ಬದಲಾಗುತ್ತದೆ’ ಎಂಬ ಮಾತು ಕಾಯಂ. ಅಷ್ಟು ಅಂತ್ಯಗಳಿವೆ, ಇಷ್ಟು ಅಂತ್ಯಗಳಿವೆ ಎಂದು ಎಣಿಸಿ ಹೇಳುವುದೂ ಉಂಟು. ಇದನ್ನು ಪೂರ್ತಿ ನಂಬಬೇಕಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಪ್ರಶ್ನೆಗೆ ಎರಡು ಉತ್ತರ, ಪ್ರತಿ ಉತ್ತರಕ್ಕೂ ಬೇರೆಯದೇ ದಾರಿ ಎಂದರೆ, ಹತ್ತು ಪ್ರಶ್ನೆ ದಾಟುವಷ್ಟರಲ್ಲಿ 1,024 ದಾರಿಗಳಾಗುತ್ತವೆ. ಇಪ್ಪತ್ತು ಪ್ರಶ್ನೆಗೆ 10,48,576. ಇಷ್ಟು ಕಥೆ ಬರೆಯಲು ಹನುಮಂತರಾಯರಂಥವರು ಎಷ್ಟು ಜನ ಬೇಕು? ಬರೆದರೂ ಆಡುವವನು ನೋಡುವುದು ಒಂದೇ ದಾರಿಯನ್ನು. ಉಳಿದದ್ದಕ್ಕೆ ಖರ್ಚು ಮಾಡಿದ ಚಿತ್ರ, ಸಂಗೀತ, ನಟರ ದನಿ ಎಲ್ಲ ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಹಾಗಾದರೆ ಗೇಮ್ ಕಟ್ಟುವವರು ಏನು ಮಾಡುತ್ತಾರೆ? ನಮ್ಮ ಅಶ್ವತ್ಥಾಮನನ್ನೇ ಇಟ್ಟುಕೊಂಡು ನೋಡೋಣ. ಭಾರತದ ಸೌಪ್ತಿಕ ಪರ್ವದಲ್ಲಿ ಅವನು ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂತಿದ್ದಾನೆ. ಒಂದು ಗೂಬೆ ಬಂದು ಮಲಗಿದ್ದ ಕಾಗೆಗಳನ್ನು ಒಂದೊಂದಾಗಿ ಕೊಲ್ಲುವುದು ಕಾಣುತ್ತದೆ. ಅವನ ತಲೆಗೆ ಆ ಯೋಚನೆ ಹೊಳೆಯುವುದು ಅಲ್ಲಿಯೇ. ಸೋದರಮಾವ ಕೃಪಾಚಾರ್ಯ ಬೇಡ ಎನ್ನುತ್ತಾನೆ: ಮಲಗಿದವರನ್ನು ಕೊಲ್ಲುವುದು ಧರ್ಮವಲ್ಲ, ಈ ರಾತ್ರಿ ನಿದ್ದೆ ಮಾಡು, ಬೆಳಗಾದ ಮೇಲೆ ಯುದ್ಧಕ್ಕೆ ಹೋಗೋಣ. ಇಲ್ಲಿ ತೆರೆಯ ಮೇಲೆ ಎರಡು ಬಟನ್ ಇಡಿ. ‘ಮಾವನ ಮಾತು ಕೇಳು’, ‘ಈಗಲೇ ಹೊರಡು’.

ಹೊರಟರೆ ತೊಂದರೆಯಿಲ್ಲ, ಬರೆದ ಕಥೆ ಇದೆ. ಮಾವನ ಮಾತು ಕೇಳಿದರೆ? ಮರುದಿನದ ಯುದ್ಧ, ಅದರ ಗೆಲುವು ಸೋಲು, ಬದುಕುಳಿದ ಉಪಪಾಂಡವರು, ಅವರಿಂದ ಮುಂದಕ್ಕೆ ಹಸ್ತಿನಾವತಿಯ ಇನ್ನೊಂದು ಚರಿತ್ರೆ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಅದಕ್ಕೆ ದುಡ್ಡಿಲ್ಲ. ಆದ್ದರಿಂದ ಕಥೆಗಾರ ಒಂದು ಉಪಾಯ ಹೂಡುತ್ತಾನೆ. ಅಶ್ವತ್ಥಾಮ ಮಲಗುತ್ತಾನೆ, ಜಾವದ ಹೊತ್ತಿಗೆ ದೂರದಿಂದ ದುರ್ಯೋಧನನ ನರಳಾಟ ಕೇಳುತ್ತದೆ, ಎದ್ದು ಹೊರಡುತ್ತಾನೆ. ಒಂದು ತಾಸು ತಡವಾಯಿತು, ಅಷ್ಟೆ. ಕವಲೊಡೆದ ದಾರಿಗಳೆರಡೂ ಶಿಬಿರದ ಬಾಗಿಲಲ್ಲಿ ಮತ್ತೆ ಕೂಡಿದವು.

ಆದರೆ ಬಾಗಿಲಲ್ಲಿ ನಿಂತ ಕೃಪ ಎರಡೂ ದಾರಿಯಲ್ಲಿ ಒಬ್ಬನೇ ಅಲ್ಲ. ಮರದ ಕೆಳಗೆ ನೀವು ಒತ್ತಿದ ಬಟನ್ ಒಂದು ಅಂಕಿಯಾಗಿ ಗೇಮಿನೊಳಗೆ ದಾಖಲಾಗಿರುತ್ತದೆ. ಮಾವನ ಮಾತಿಗೆ ಬೆಲೆ ಕೊಟ್ಟಿದ್ದರೆ ಅವನು ಇನ್ನೊಮ್ಮೆ ಕೈ ಹಿಡಿದು ತಡೆಯುತ್ತಾನೆ. ಹೀಯಾಳಿಸಿ ಹೊರಟಿದ್ದರೆ ಮುಖ ತಿರುಗಿಸಿ, ಓಡಿ ಬಂದವರನ್ನು ಕೊಲ್ಲಲು ಸುಮ್ಮನೆ ಬಾಗಿಲು ಕಾಯುತ್ತಾನೆ. ಕಥೆಯ ಮುಖ್ಯ ಗಂಟುಗಳು ಅಲ್ಲೇ ಇವೆ, ಅವುಗಳ ನಡುವಿನ ಮನುಷ್ಯರು ಬದಲಾಗಿದ್ದಾರೆ. ದುಡ್ಡೂ ಉಳಿಯಿತು, ಆಡುವವನಿಗೆ ತಾನು ಮಾಡಿದ್ದು ದಂಡವಾಯಿತು ಎಂದೂ ಅನಿಸಲಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದದ್ದು ಅಮೆರಿಕದ ಟೆಲ್‌ಟೇಲ್ ಕಂಪನಿ. ಅವರ ‘ದಿ ವಾಕಿಂಗ್ ಡೆಡ್’ ಬಂದದ್ದು 2012ರಲ್ಲಿ. ಸತ್ತವರು ಎದ್ದು ಮನುಷ್ಯರನ್ನು ತಿನ್ನುವ ಲೋಕದಲ್ಲಿ, ಲೀ ಎಂಬ ಶಿಕ್ಷೆಗೊಳಗಾದ ಕೈದಿ ಎಂಟು ವರ್ಷದ ಕ್ಲೆಮೆಂಟೈನ್ ಎಂಬ ಹುಡುಗಿಯನ್ನು ಕಾಪಾಡಿಕೊಂಡು ಹೋಗುವ ಕಥೆ ಅದು. ಮೊದಲ ಭಾಗದಲ್ಲೇ ಒಂದು ಹೊಲಮನೆ ಬರುತ್ತದೆ. ಮನೆಯ ಯಜಮಾನನ ಮಗ ಟ್ರ್ಯಾಕ್ಟರ್ ಕೆಳಗೆ ಸಿಕ್ಕಿಕೊಂಡಿದ್ದಾನೆ, ಪಕ್ಕದಲ್ಲೇ ಇನ್ನೊಬ್ಬರ ಚಿಕ್ಕ ಹುಡುಗನನ್ನು ಶವವೊಂದು ಹಿಡಿದಿದೆ. ಒಬ್ಬರ ಕಡೆಗೆ ಮಾತ್ರ ಓಡಲು ಹೊತ್ತಿದೆ. ನೀವು ಯಾರ ಕಡೆಗೆ ಓಡಿದರೂ ಸಾಯುವುದು ಯಜಮಾನನ ಮಗನೇ, ಉಳಿಯುವುದು ಚಿಕ್ಕ ಹುಡುಗನೇ. ಅದೇ ಭಾಗದ ಕೊನೆಗೆ ಡಗ್ ಮತ್ತು ಕಾರ್ಲಿ ಎಂಬಿಬ್ಬರಲ್ಲಿ ಒಬ್ಬರನ್ನು ಉಳಿಸಬೇಕು. ಇಲ್ಲಿ ನಿಮ್ಮ ಮಾತು ನಿಜಕ್ಕೂ ನಡೆಯುತ್ತದೆ. ಆದರೆ ನೀವು ಉಳಿಸಿದವರು ಯಾರೇ ಆಗಿರಲಿ, ಮೂರನೆಯ ಭಾಗದಲ್ಲಿ ಒಂದೇ ಗುಂಡಿಗೆ ಬೀಳುತ್ತಾರೆ.

ಹಾಗಾದರೆ ಇದು ಮೋಸವೇ? ಎರಡನೇ ಸಲ ಆಡಿದವರಿಗೆ ಹಾಗನಿಸುವುದುಂಟು. ನನಗೆ ಅನಿಸಿಲ್ಲ. ನೀವು ಚಿಕ್ಕ ಹುಡುಗನ ಕಡೆ ಓಡಿದ್ದರೆ ಅವನ ಅಪ್ಪ ಕೆನ್ನಿ ಮುಂದೆ ನಿಮ್ಮನ್ನು ನಂಬುತ್ತಾನೆ. ಓಡದಿದ್ದರೆ ಆ ಕಹಿ ಅವನ ಮಾತಿನಲ್ಲಿ ಉಳಿಯುತ್ತದೆ. ನೀವು ಸುಳ್ಳು ಹೇಳಿದ ಕೂಡಲೇ, ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ ಎಂಬರ್ಥದ ಒಂದು ಸಣ್ಣ ಸಾಲು ತೆರೆಯ ಮೂಲೆಯಲ್ಲಿ ಮೂಡುತ್ತದೆ. ಎಷ್ಟೋ ಸಲ ಅದರಿಂದ ಕಥೆಯಲ್ಲಿ ಏನೂ ಆಗುವುದಿಲ್ಲ. ಆದರೆ ಎಂಟು ವರ್ಷದ ಹುಡುಗಿಯ ಮುಂದೆ ಸುಳ್ಳು ಹೇಳಿದವರು ನೀವೇ ತಾನೆ? ‘ರಕ್ತರಾತ್ರಿ’ ನೋಡುವಾಗ ಅಶ್ವತ್ಥಾಮನನ್ನು ಬೈದು ಮನೆಗೆ ಹೋಗಬಹುದು. ಇಲ್ಲಿ ಬೈಗುಳ ತಿರುಗಿ ನಮಗೇ ಬರುತ್ತದೆ.

ಅಂತ್ಯ ಒಪ್ಪದೆ ಇನ್ನೊಂದನ್ನು ಬೇಡುವ ಆಸೆ ನಮ್ಮ ರಂಗಭೂಮಿಗೂ ಹೊಸದಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಕಥೆ ಮುಗಿಯಿತು ಎಂದಾಗ ಕೇಳುಗರು ತಕರಾರು ತೆಗೆಯುತ್ತಾರೆ; ನಾಗ ಸಾಯುವ ಅಂತ್ಯವೂ ಇದೆ, ರಾಣಿಯ ತುರುಬಿನಲ್ಲೇ ಬದುಕುವ ಅಂತ್ಯವೂ ಇದೆ. ಪುರಾಣಗಳಲ್ಲೂ ಕವಲುಗಳಿವೆ. ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಭಾರತದಲ್ಲಿ ಅಶ್ವತ್ಥಾಮನ ಪ್ರಾಣವನ್ನೂ ಅವನ ತಲೆಯ ಮಣಿಯನ್ನೂ ಬೇಡಿ ಉಪವಾಸ ಕೂರುತ್ತಾಳೆ. ಭಾಗವತದಲ್ಲಿ ಅದೇ ದ್ರೌಪದಿ, ಕಟ್ಟಿ ಎಳೆತಂದ ಅವನನ್ನು ಕಂಡು ‘ಬಿಟ್ಟುಬಿಡಿ’ ಎನ್ನುತ್ತಾಳೆ. ತಾನು ಅತ್ತಂತೆ ಅವನ ತಾಯಿ ಕೃಪಿ ಅಳುವುದು ಬೇಡ ಎನ್ನುತ್ತಾಳೆ. ಎರಡರಲ್ಲೂ ಅಶ್ವತ್ಥಾಮ ಸಾಯುವುದಿಲ್ಲ, ಮಣಿ ಹೋಗುತ್ತದೆ. ಗಂಟು ಒಂದೇ, ಅಲ್ಲಿಗೆ ಬಂದ ತಾಯಿ ಇಬ್ಬರು. ‘ರಕ್ತರಾತ್ರಿ’ಯನ್ನು ಯಾರಾದರೂ ಗೇಮ್ ಮಾಡುವುದಾದರೆ ಆಡುವವನನ್ನು ಅಶ್ವತ್ಥಾಮನ ಪಾತ್ರದಿಂದ ಎಬ್ಬಿಸಿ ಈ ಘಟ್ಟದಲ್ಲಿ ದ್ರೌಪದಿಯ ಜಾಗದಲ್ಲಿ ಕೂರಿಸಬೇಕು ಎಂಬುದು ನನ್ನ ಹಟ. ಕೊಂದ ಕೈಯೇ ಈಗ ಕ್ಷಮೆಯ ಬಟನ್ ಮೇಲೆ ಬರಬೇಕು.

ಗೇಮಿಗೂ ನಾಟಕಕ್ಕೂ ಇನ್ನೊಂದು ವ್ಯತ್ಯಾಸವಿದೆ, ಅದು ಕಥೆಗಾರರಿಗೆ ದೊಡ್ಡ ತಲೆನೋವು. ಗೇಮ್ ಆಡುವವನು ತನಗೆ ಬೇಡವಾದದ್ದು ನಡೆದರೆ ಹಿಂದೆ ಸೇವ್ ಮಾಡಿಟ್ಟ ಜಾಗಕ್ಕೆ ಹೋಗಿ ಬೇರೆ ಬಟನ್ ಒತ್ತುತ್ತಾನೆ. ಹರಪನಹಳ್ಳಿಯವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು: ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಹಿಂದಕ್ಕೆ ಹೋದೆವು ಎಂದುಕೊಂಡರೂ ಮೂರು ಜಿಲ್ಲೆಗಳ ಮುದ್ರೆ ಬಿದ್ದ ಕಾಗದಗಳು ಮನೆಯ ಟ್ರಂಕಿನಲ್ಲಿ ಹಾಗೇ ಇವೆ.

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಕಂಪನಿ ಈ ತಲೆನೋವಿಗೆ ಕಂಡುಕೊಂಡ ಮದ್ದು ತಡವಾದ ಫಲ. ಅವರ ‘ದಿ ವಿಚರ್ 3’ರಲ್ಲಿ (2015) ಒಂದು ಗುಡ್ಡದ ಬೇರುಗಳಲ್ಲಿ ಸೆರೆಯಾದ ಆತ್ಮವೊಂದು ಬಿಡಿಸು ಎಂದು ಅಂಗಲಾಚುತ್ತದೆ. ಬಿಡಿಸಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಆದರೆ ಒಂದು ಹಳ್ಳಿ ನಾಶವಾಗುತ್ತದೆ, ಜಹಗೀರುದಾರನೊಬ್ಬನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಹಳ್ಳಿಯೂ ಆ ಹೆಂಗಸಿನ ಜೀವವೂ ಉಳಿಯುತ್ತವೆ, ಮಕ್ಕಳು ಹೋಗುತ್ತಾರೆ. ಇದೆಲ್ಲ ಗೊತ್ತಾಗುವುದು ಆಮೇಲೆ ಯಾವತ್ತೋ. ಅಷ್ಟರಲ್ಲಿ ನೀವು ಎಷ್ಟು ದೂರ ಬಂದಿರುತ್ತೀರಿ ಎಂದರೆ ಹಿಂದಿನ ಜಾಗಕ್ಕೆ ಹೋಗಿ ತಿದ್ದುವ ಮನಸ್ಸು ಬರುವುದಿಲ್ಲ. ಟೋಬಿ ಫಾಕ್ಸ್ ಮಾಡಿದ ‘ಅಂಡರ್‌ಟೇಲ್’ (2015) ಇನ್ನೂ ಕಿಲಾಡಿ. ನೀವು ಒಬ್ಬಳನ್ನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದಕ್ಕೆ ಹೋಗಿ ಅವಳನ್ನು ಉಳಿಸಿ ಬಂದರೆ, ಹೂವಿನ ವೇಷದ ಪಾತ್ರವೊಂದು ಎದುರಾಗಿ ನೀವು ಮೊದಲ ಸಲ ಏನು ಮಾಡಿದಿರಿ ಎಂದು ಚುಚ್ಚುತ್ತದೆ.

ಗೇಮಿನ ನೆನಪು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ‘ಮಾಸ್ ಎಫೆಕ್ಟ್’ ಸರಣಿಯ ಮೊದಲ ಮೂರು ಗೇಮ್‌ಗಳನ್ನು ನೋಡಿ. ಒಂದರಲ್ಲಿ ಮಾಡಿದ ಆಯ್ಕೆಗಳನ್ನು ಮುಂದಿನದಕ್ಕೆ ಹೊತ್ತೊಯ್ಯಬಹುದಿತ್ತು. ಜನ ಐದು ವರ್ಷ ಹಾಗೆ ಹೊತ್ತರು. 2012ರ ಮಾರ್ಚಿನಲ್ಲಿ ಮೂರನೆಯದು ಬಂದಾಗ ಕೊನೆಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ದೃಶ್ಯ, ಬಣ್ಣ ಮಾತ್ರ ಬೇರೆ. ಗಲಾಟೆ ಎಷ್ಟಾಯಿತೆಂದರೆ ಕಂಪನಿ ಜೂನ್‌ನಲ್ಲಿ ಪುಕ್ಕಟೆಯಾಗಿ ಉದ್ದನೆಯ ಅಂತ್ಯವನ್ನು ಬಿಡುಗಡೆ ಮಾಡಬೇಕಾಯಿತು. ಇಲ್ಲಿ ಕಥೆಯ ದಾರಿಗಳು ಕೊನೆಗೆ ಕೂಡಿದ್ದು ತಪ್ಪಲ್ಲ, ಟೆಲ್‌ಟೇಲ್‌ನವರೂ ಕೂಡಿಸಿದ್ದರು. ಐದು ವರ್ಷದಲ್ಲಿ ನೀವು ಯಾರನ್ನು ಉಳಿಸಿದಿರಿ, ಯಾರನ್ನು ಕೈಬಿಟ್ಟಿರಿ ಎಂದು ಕಡೆಯ ಗಳಿಗೆಯಲ್ಲಿ ಕೇಳುವವರೇ ಇರಲಿಲ್ಲ, ಅದು ತಪ್ಪು.

ಒಂದೇ ಮಾತು ಹೇಳಿ ಉಳಿದದ್ದನ್ನು ಕೇಳುವವರಿಗೇ ಬಿಡುವ ಕಲೆಯೂ ನಮ್ಮಲ್ಲಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು ಕಂಡಿರುತ್ತೀರಿ. ಡೆಂಕಣಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಅವನು ಕಾರ್ಣಿಕದ, ಅಂದರೆ ಭವಿಷ್ಯವಾಣಿಯ, ಒಂದೇ ವಾಕ್ಯ ನುಡಿದು ಕೆಳಗೆ ಬೀಳುತ್ತಾನೆ. ಹಿಂದಿರುಗುವ ಟ್ರ್ಯಾಕ್ಟರುಗಳಲ್ಲಿ, ಬಸ್ಸುಗಳಲ್ಲಿ ಆ ವಾಕ್ಯಕ್ಕೆ ಎಷ್ಟು ಅರ್ಥ ಹುಟ್ಟುತ್ತವೆ! ಮೆಕ್ಕೆಜೋಳ ಹಾಕುವವನು ಮಳೆಯ ಸುದ್ದಿ ಕೇಳುತ್ತಾನೆ, ಅಡತಿ ಅಂಗಡಿಯವನು ಧಾರಣೆ ಕೇಳುತ್ತಾನೆ. 2023ರಲ್ಲಿ ಅಂಬಲಿ, ಕಂಬಳಿಯ ಕಾರ್ಣಿಕ ಬಂತು. ಅದು ವಿಧಾನಸಭೆ ಚುನಾವಣೆಯ ವರ್ಷ, ಮತ್ತೆ ಕೇಳಬೇಕೆ, ಪ್ರತಿ ಪಕ್ಷದವರೂ ತಮಗೆ ಬೇಕಾದ್ದನ್ನು ಅದರಲ್ಲಿ ಕಂಡರು. ಗೇಮ್ ಕಟ್ಟುವವರ ಕಣ್ಣಿನಿಂದ ನೋಡಿದರೆ ಇದು ಖರ್ಚಿಲ್ಲದ ಕವಲು. ಲಕ್ಷ ದಾರಿ ಬರೆಯುವ ಬದಲು, ಅರ್ಧ ಬಾಯಿಬಿಟ್ಟ ಒಂದು ಸಾಲು ಬರೆಯುವುದು. ಪಾತ್ರ ಯಾಕೆ ಹಾಗೆ ಮಾಡಿತು ಎಂಬುದನ್ನು ವಿವರಿಸದೆ ಬಿಡುವ ಗೇಮ್‌ಗಳು ಆಟಗಾರನಿಂದ ಆ ಕೆಲಸ ಮಾಡಿಸಿಕೊಳ್ಳುತ್ತವೆ.

ಇಷ್ಟೆಲ್ಲ ಸರಿ. ಮೇಲೆ ಹೆಸರಿಸಿದ ಯಾವ ಗೇಮೂ ಕನ್ನಡ ಮಾತಾಡುವುದಿಲ್ಲ, ಇದು ಸಣ್ಣ ಅಡ್ಡಿಯಲ್ಲ. ಟೆಲ್‌ಟೇಲ್ ಗೇಮಿನಲ್ಲಿ ಉತ್ತರ ಆರಿಸಲು ಕೆಲವೇ ಸೆಕೆಂಡು ಸಮಯ. ಕೆಳಗೆ ಒಂದು ಗೆರೆ ಕರಗುತ್ತಾ ಬರುತ್ತದೆ, ಅದು ಮುಗಿದರೆ ಮೌನವೇ ನಿಮ್ಮ ಉತ್ತರ. ಕೊಟ್ಟೂರಿನಲ್ಲಿರುವ ನನ್ನ ತಂಗಿಯ ಮಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಅವನ ಲೀ ಯಾರಿಗೂ ಏನೂ ಹೇಳುವುದಿಲ್ಲ. ಮಗ ಸತ್ತ ಅಪ್ಪ ಎದುರು ನಿಂತು ಕೂಗಾಡಿದರೂ ಸುಮ್ಮನೆ. ಕ್ಲೆಮೆಂಟೈನ್ ತನ್ನ ಅಪ್ಪ ಅಮ್ಮ ಎಲ್ಲಿ ಎಂದರೂ ಸುಮ್ಮನೆ. ಎಂಥ ಗಂಭೀರ ಮನುಷ್ಯನನ್ನು ಕಟ್ಟಿದ್ದಾನೆ ಹುಡುಗ ಎಂದುಕೊಂಡು ಕೇಳಿದರೆ, ‘ಮಾಮ, ಓದಾದ್ರಾಗೆ ಟೈಮ್ ಮುಗ್ದೋಗ್ತತಿ. ಸುಮ್ನಿದ್ರೂ ಆಟ ಮುಂದಕ್ಕೆ ಹೋಗ್ತತಿ, ಅದ್ಕೇ ಸುಮ್ನಿರ್ತೀನಿ’ ಎಂದ.

ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ಬಟನ್ ಮೇಲೆ ಬರೆಯುವುದು ಒಂದೆರಡು ಪದ, ಪಾತ್ರ ಆಡುವುದು ಪೂರಾ ಮಾತು. ‘ಎಲ್‌.ಎ. ನೊಯರ್’ (2011) ಎಂಬ ಪತ್ತೇದಾರಿ ಗೇಮಿನಲ್ಲಿ ಸಾಕ್ಷಿಯ ಮಾತು ನಿಜ, ಅನುಮಾನ, ಸುಳ್ಳು ಎಂಬ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ಸ್ವಲ್ಪ ಅನುಮಾನ ಇದೆಯಲ್ಲ ಎಂದು ಒತ್ತಿದರೆ ಪತ್ತೇದಾರ ಎದುರಿದ್ದ ಬಡಪಾಯಿಯ ಮೇಲೆ ಎಗರಿ ಬೀಳುತ್ತಿದ್ದ. 2017ರಲ್ಲಿ ಮರುಬಿಡುಗಡೆ ಮಾಡುವಾಗ ಆ ಮೂರೂ ಪದಗಳನ್ನೇ ಬದಲಿಸಿದರು. ಏನಾಗಬಹುದು ಎಂಬ ಅಂದಾಜಾದರೂ ಇದ್ದು ಆರಿಸಿದರೆ ಆಯ್ಕೆ, ಇಲ್ಲವಾದರೆ ಚೀಟಿ ಎತ್ತಿದ ಹಾಗೆ.

ಆಯ್ಕೆ ಇಲ್ಲದಿರುವುದನ್ನೇ ಕಥೆ ಮಾಡಿದ ಗೇಮ್ ಒಂದು ನಮ್ಮ ದೇಶದಲ್ಲೇ ಹುಟ್ಟಿದೆ. ಕೋಲ್ಕತ್ತದ ಕಲಾವಿದೆ ಲೀನಾ ಕೇಜ್ರಿವಾಲ್ 2016ರಲ್ಲಿ ಹೊರತಂದ ‘ಮಿಸ್ಸಿಂಗ್’. ಕಳ್ಳಸಾಗಣೆಗೆ ಸಿಕ್ಕಿ ವೇಶ್ಯಾಗೃಹ ಸೇರಿದ ಹುಡುಗಿಯಾಗಿ ಅದನ್ನು ಆಡಬೇಕು. ಯಾರ ಹತ್ತಿರ ಏನು ಮಾತಾಡಿದರೆ ಬಾಗಿಲು ತೆರೆದೀತು ಎಂದು ತಡಕಾಡುವುದೇ ಆಟ, ಎದುರಿಗಿರುವ ದಾರಿಗಳಲ್ಲಿ ಯಾವುದೂ ನೆಟ್ಟಗಿಲ್ಲ. ಆಯ್ಕೆ ಇಲ್ಲದ ಇಂಥ ಬದುಕು ನಮ್ಮ ಸೀಮೆಗೂ ಹೊಸದಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂತು. ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈಗಲೂ ನಮ್ಮ ನಡುವೆ ಬದುಕಿದ್ದಾರೆ. ಅವರನ್ನು ಯಾರೂ ಎರಡು ಬಟನ್ ತೋರಿಸಿ ಕೇಳಿರಲಿಲ್ಲ. ಅಂಥ ಕಥೆಯನ್ನು ಗೇಮ್ ಮಾಡುವವರು ಕವಲುಗಳನ್ನು ಧಾರಾಳವಾಗಿ ಇಟ್ಟರೆ ಅದು ಸುಳ್ಳಾಗುತ್ತದೆ. ಒತ್ತಿದರೂ ಕೆಲಸ ಮಾಡದ ಬಟನ್ ಒಂದನ್ನು ಅಲ್ಲಿ ಇಡುವ ಧೈರ್ಯ ಬೇಕು.

ಇದಕ್ಕೆಲ್ಲ ಬೆಂಗಳೂರಿನ ಸ್ಟುಡಿಯೊ, ಕೋಟಿಗಟ್ಟಲೆ ಬಂಡವಾಳ ಬೇಕೆಂದು ಕೂರಬೇಕಿಲ್ಲ. 2009ರಲ್ಲಿ ಕ್ರಿಸ್ ಕ್ಲಿಮಾಸ್ ಎಂಬವರು ಮಾಡಿದ ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಒಂದೊಂದು ದೃಶ್ಯವನ್ನು ಒಂದೊಂದು ಚೌಕದಲ್ಲಿ ಬರೆಯುತ್ತೀರಿ, ಮುಂದಿನ ದೃಶ್ಯಕ್ಕೆ ಹೋಗುವ ಮಾತನ್ನು ಜೋಡಿ ಚೌಕ ಆವರಣದೊಳಗೆ ಹಾಕುತ್ತೀರಿ, ಎರಡು ಚೌಕಗಳ ನಡುವೆ ಬಾಣದ ಗೆರೆ ತಾನೇ ಬೀಳುತ್ತದೆ. ಕನ್ನಡ ಯೂನಿಕೋಡ್ ಅಕ್ಷರ ಸಲೀಸಾಗಿ ಕೂರುತ್ತದೆ. ಕೊನೆಗೆ ಸಿಗುವುದು ಒಂದು ಎಚ್‌ಟಿಎಂಎಲ್ ಫೈಲ್, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮೊಬೈಲಿನ ಬ್ರೌಸರಿನಲ್ಲೇ ತೆರೆಯುತ್ತದೆ. ಹಡಗಲಿಯ, ಹಗರಿಬೊಮ್ಮನಹಳ್ಳಿಯ ಕಾಲೇಜು ಹುಡುಗರು ಮೊದಲ ಸಲ ಕೈಹಾಕುವುದಾದರೆ ಐದು ಪ್ರಶ್ನೆಗೆ ಮೀರಬೇಡಿ, ಮೂವತ್ತೆರಡು ದಾರಿಯೇ ಕೈಮೀರುತ್ತವೆ. ಆಲದ ಮರ, ಬಾಗಿಲು, ದ್ರೌಪದಿ, ಈ ಮೂರು ಗಂಟು ಹಾಕಿಕೊಂಡು ನಡುವೆ ಬರೆಯುತ್ತಾ ಹೋಗಿ. ಸಂಭಾಷಣೆಗೆ ಕಾಲದ ಮಿತಿ ಇಡಬೇಡಿ. ಬರೆದದ್ದನ್ನು ಊರಿನ ನಾಟಕದವರ ಮುಂದೆ ಒಮ್ಮೆ ಓದಿ. ಎಲ್ಲಿ ಕೃಪಾಚಾರ್ಯ ಸುಳ್ಳಾಡುತ್ತಿದ್ದಾನೆ ಎಂದು ಆ ಪಾತ್ರ ಹಾಕಿದವರು ಕೂತಲ್ಲೇ ಹೇಳುತ್ತಾರೆ.